ಹೆಸರು ಹೇಳಬಾರದ ಪುಡಿ

ನನ್ನ ಓರಗೆಯ ಹೆಂಗಸರು ನಿಪ್ಪಾಣಿಯಲ್ಲಿ ಬೆಳಿಗ್ಗೆ ದೇವರಿಗೆ ಹೂ ಹರಿಯುತ್ತಾರೆ, ಮಧ್ಯಾಹ್ನ ಮರಾಠಿ ಸೀರಿಯಲ್ ನೋಡುತ್ತಾರೆ, ಸಂಜೆ ಕಟ್ಟೆಯ ಮೇಲೆ ಕೂತು ಸೊಸೆಯಂದಿರನ್ನು ಹಸನು ಮಾಡುತ್ತಾರೆ. ನಾನು ನಶೆಯ ಸುದ್ದಿ ಕೂಡಿಹಾಕುತ್ತೇನೆ. ಯಾವ ಊರಿಗೆ ಯಾವ ಗುಳಿಗೆ ಹೊಸದಾಗಿ ಬಂತು, ಹುಡುಗರು ಅದಕ್ಕೆ ಏನು ಹೆಸರಿಟ್ಟರು, ನಿನ್ನೆ ಸಿಗುತ್ತಿದ್ದದ್ದು ಇವತ್ತು ಯಾಕೆ ಸಿಗುವುದಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ನನಗೆ ನೀಡಲ್‌ವರ್ಕ್ ಕಲಿಸಿದ ಸಿಸ್ಟರ್ ಇದನ್ನು ಕೇಳಿದ್ದರೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಆಮೇಲೆ ಮೆಲ್ಲಗೆ ಹತ್ತಿರ ಕರೆದು, ಪೂರ್ತಿ ಹೇಳು ಅನ್ನುತ್ತಿದ್ದರು.

ಇದಕ್ಕೆಲ್ಲ ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಕ್ಲಾಸಿನಲ್ಲಿ ಅವನಿಗೆ ಸ್ಪೆಲಿಂಗ್ ಬರುತ್ತಿರಲಿಲ್ಲ. ಈಗ ಮೆಡಿಕಲ್ ಅಂಗಡಿ ಇಟ್ಟುಕೊಂಡು ಡಾಕ್ಟರರ ಅಕ್ಷರ ಸಲೀಸಾಗಿ ಓದುತ್ತಾನೆ. ಬೆಳಗಾವಿಯಿಂದ ಬಂದ ಒಬ್ಬ ಡಾಕ್ಟರ್ ಹುಡುಗಿ ಅವನನ್ನು ಕೇಳಿದಳಂತೆ, ಈ ಕಡೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ತಾಲೂಕುಗಳಲ್ಲೂ ಮಂದಿಯ ಪರಿಚಯ ಇರುವವರು, ಬಾಯಿ ಭದ್ರ ಇರುವವರು ಯಾರಾದರೂ ಇದ್ದಾರೆಯೇ ಅಂತ. ಅವನು ನನ್ನ ಮನೆ ತೋರಿಸಿದ. ಪರಿಚಯದ ಮಾತು ನಿಜ. ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ ನಾನು ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್ ಆಗಿ ಈ ಎಲ್ಲ ಊರುಗಳ ನೀರು ಕುಡಿದವಳು. ಐನಾಪುರದ ಸಂತೆಯಲ್ಲಿ ಬದನೆಕಾಯಿ ಮಾರುವವನೂ ನನ್ನನ್ನು ಕಂಡರೆ 'ಗುಡ್ ಮಾರ್ನಿಂಗ್ ಅಕ್ಕೋರ' ಅನ್ನುತ್ತಾನೆ, ಸಂಜೆಯಾಗಿದ್ದರೂ. ಅಕ್ಕೋರು ಅಂದರೆ ನಮ್ಮ ಕಡೆ ಟೀಚರಮ್ಮ. ಬಾಯಿ ಭದ್ರದ ಮಾತನ್ನು ಮಾತ್ರ ಅವನು ಯಾವ ಆಧಾರದ ಮೇಲೆ ಹೇಳಿದನೋ ತಿಳಿಯದು.

ಹುಡುಗಿ ಬಂದಳು, ಚಹಾ ಕುಡಿದಳು, ತನ್ನ ಕೆಲಸ ವಿವರಿಸಿದಳು. ಅವಳು ಪೊಲೀಸಿನವಳಲ್ಲ. ಯಾರನ್ನೂ ಹಿಡಿಯುವುದಿಲ್ಲ, ಯಾರ ಹೆಸರೂ ಅವಳಿಗೆ ಬೇಕಿಲ್ಲ. ಎರಡು-ಮೂರು ತಿಂಗಳಿಗೊಮ್ಮೆ ಬಂದು ಅದೇ ಮಂದಿಗೆ ಅದೇ ಪ್ರಶ್ನೆ ಕೇಳುತ್ತಾಳೆ. ಉತ್ತರ ಬದಲಾಯಿತು ಅಂದರೆ ಬಜಾರು ಬದಲಾಯಿತು ಅಂತ ಅರ್ಥ. ಅದು ಮೊದಲೇ ತಿಳಿದರೆ ದವಾಖಾನೆಗಳು ತಯಾರಾಗಿ ಇರಬಹುದು. ಹವಾಮಾನದವರು ಮೋಡ ನೋಡಿದ ಹಾಗೆ ಅನ್ನಿ. 'ಯು ವಿಲ್ ಬಿ ಅವರ್ ಕೀ ಇನ್‌ಫಾರ್ಮಂಟ್, ಮ್ಯಾಡಮ್' ಎಂದಳು. ನಾನು ಒಪ್ಪಿಕೊಂಡೆ. ಸಮಾಜಸೇವೆಗಾಗಿ ಅಂತ ಹೇಳಿಕೊಳ್ಳಬಹುದು; ಆದರೆ ನನ್ನ ಜೊತೆ ಯಾರಾದರೂ ಇಂಗ್ಲಿಷಿನಲ್ಲಿ ಒಂದು ಪೂರ್ತಿ ವಾಕ್ಯ ಮಾತಾಡಿ ಬಹಳ ದಿನವಾಗಿತ್ತು, ಅದೂ ಒಂದು ಕಾರಣ.

ಪಕ್ಕದ ಮನೆಯ ವೈನಿಗೆ ಈ ವಿಷಯ ಹೇಳಿದಾಗ ಅವಳು ನಕ್ಕು, 'ಹಂಗಾರ ಈ ವಯಸ್ಸಿನ್ಯಾಗ ಖಬರಿ ಆದ್ರಿ ಅನ್ರಿ' ಎಂದಳು. ಪೊಲೀಸರಿಗೆ ಕದ್ದು ಸುದ್ದಿ ಕೊಡುವವರಿಗೆ ಇಲ್ಲಿ ಖಬರಿ ಅನ್ನುತ್ತಾರೆ. ಅಂದಿನಿಂದ ಓಣಿಯಲ್ಲಿ ಅದೇ ನನ್ನ ಪದವಿ.

ನನ್ನ ಮೊದಲ ಬೇಟೆ ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ. ಟೈರ್ ಪಂಕ್ಚರಿಗೆ ಹಚ್ಚುವ ಸಲ್ಯೂಷನ್ನನ್ನು ಕೆಲವು ಹುಡುಗರು ಕರ್ಚೀಫಿನಲ್ಲಿ ಹಾಕಿಕೊಂಡು ಮೂಸುತ್ತಾರೆ ಎಂದು ಹುಡುಗಿ ಹೇಳಿಕೊಟ್ಟಿದ್ದಳು. ನಾನು ಬೆಂಚಿನ ಮೇಲೆ ಕೂತು ಮ್ಯಾಗಜೀನ್ ಓದುವವಳ ಹಾಗೆ ನಟಿಸುತ್ತಿರುವಾಗ ಎದುರಿಗೇ ಕಾಲೇಜಿನ ಒಬ್ಬ ಯುವಕ ಜೇಬಿನಿಂದ ಕರ್ಚೀಫು ತೆಗೆದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದ. ಮಡಿಸಿ ಒಳಗಿಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದ. ಅಲ್ಲೇ ಊರಲ್ಲಿದ್ದ ಹುಡುಗಿಗೆ ಫೋನ್ ಮಾಡಿ ಕರೆಸಿದೆ. ಅವಳು ಬಂದು ಅವನ ಪಕ್ಕ ಕೂತು, ಅದೂ ಇದೂ ಮಾತಾಡಿ, ಕೆಂಪಗಾಗಿ ಎದ್ದು ಬಂದಳು. ಕರ್ಚೀಫು ಅವನದಲ್ಲ. ಹಾರೂಗೇರಿ ಬಸ್ಸಿಗೆ ಹೋಗುವ ಯಾವುದೋ ಹೆಣ್ಣುಮಗಳು ಸೀಟಿನ ಮೇಲೆ ಮರೆತು ಹೋದದ್ದು. ಅದಕ್ಕೆ ಪೌಡರಿನ ವಾಸನೆ ಇನ್ನೂ ಇತ್ತು.

'ಇದನ್ನ ಯಾವ ಕೆಟಗರಿಯೊಳಗ ಹಾಕೋಣ ಮ್ಯಾಡಮ್' ಎಂದಳು ಹುಡುಗಿ. ನಾನು ಮ್ಯಾಗಜೀನಿನ ಪುಟ ತಿರುವಿದೆ. ಆ ಕೆಟಗರಿ ನನಗೂ ಒಂದು ಕಾಲದಲ್ಲಿ ಪರಿಚಯ ಇತ್ತು. ಮದುವೆ ಎನ್ನುವ ಪೇಪರಿಗೆ ನಾನು ಆಬ್ಸೆಂಟ್ ಆದ ಕಥೆ ಅದು, ಇಲ್ಲಿ ಬೇಡ.

ಬರಬರುತ್ತ ನಾನು ಜಾಣಳಾದೆ. ಕೃಷ್ಣೆಯ ದಂಡೆಯ ಕಬ್ಬಿನ ಗದ್ದೆಗಳ ನಡುವೆ ಕಬ್ಬಲ್ಲದ್ದೂ ಬೆಳೆಯುತ್ತದೆ ಎಂದು ತಿಳಿಯಿತು. ಗಡಿಯ ಈಚೆ ಬಿಗಿ ಮಾಡಿದರೆ ಆಚೆ ಸಡಿಲಾಗುತ್ತದೆ, ಆಚೆ ಬಿಗಿ ಮಾಡಿದರೆ ಈಚೆ. ಹಿಂದೆ ತಾಲೀಮಿನ ಮಣ್ಣಿನಲ್ಲಿ ಬಾದಾಮಿ-ಹಾಲು ಕುಡಿದು ಕುಸ್ತಿ ಹಿಡಿಯುತ್ತಿದ್ದವರ ಮೊಮ್ಮಕ್ಕಳು ಈಗ ಜಿಮ್ಮಿಗೆ ಹೋಗುತ್ತಾರೆ. ಅವರಲ್ಲಿ ಕೆಲವರು ದವಾಖಾನೆಯಲ್ಲಿ ಬಿಪಿ ಇಳಿದವರಿಗೆ ಕೊಡುವ ಇಂಜೆಕ್ಷನ್ನನ್ನು ತೋಳಿಗೆ ಚುಚ್ಚಿಕೊಳ್ಳುತ್ತಾರೆ. ನಿದ್ದೆಯ ಗುಳಿಗೆಗೆ ಬಟನ್ ಅನ್ನುತ್ತಾರೆ. ಕೆಮ್ಮಿನ ಔಷಧದ ಬಾಟಲಿ ಕೆಮ್ಮಿಲ್ಲದವರ ಬೈಕಿನ ಡಿಕ್ಕಿಯಲ್ಲಿ ಇರುತ್ತದೆ. ಇದನ್ನೆಲ್ಲ ನಾನು ಹುಡುಗಿಗೆ ಫೋನಿನಲ್ಲಿ ಹೇಳುತ್ತಿದ್ದೆ, ಅವಳು 'ಎಕ್ಸಲೆಂಟ್ ಮ್ಯಾಡಮ್' ಅನ್ನುತ್ತಿದ್ದಳು. ಬದುಕಿನ ತುಂಬ ಬೇರೆಯವರಿಗೆ ಎಕ್ಸಲೆಂಟ್ ಬರೆದುಕೊಟ್ಟವಳು ನಾನು. ನನಗೆ ಯಾರೋ ಅಂದದ್ದು ಕಿವಿಗೆ ಇಂಪಾಗಿತ್ತು.

ಈಗ ವೈನಿಯ ಬಗ್ಗೆ ಹೇಳಬೇಕು.

ವೈನಿ ಅಂದರೆ ಅಣ್ಣನ ಹೆಂಡತಿ. ಅವಳು ನನಗೆ ಯಾವ ಅಣ್ಣನ ಹೆಂಡತಿಯೂ ಅಲ್ಲ. ಗಂಡ ತಂಬಾಕಿನ ವಖಾರಿಯಲ್ಲಿ ತೂಕದ ಕೆಲಸಕ್ಕಿದ್ದವನು, ತೀರಿಕೊಂಡು ಬಹಳ ಕಾಲವಾಯಿತು. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನಾನು ಆ ಗೋಡೆ ಬಡಿದರೆ ಚಹಾ ಆಗಿದೆ ಎಂದು ಅರ್ಥ, ಅವಳು ಬಡಿದರೆ ಸುದ್ದಿ ಇದೆ ಎಂದು ಅರ್ಥ. ಕೊರಳಲ್ಲಿ ತುಳಸಿ ಮಾಳ, ಬಾಯಲ್ಲಿ ವಿಠ್ಠಲ, ಬೆರಳ ತುದಿಯಲ್ಲಿ ಮಶೇರಿ. ಮಶೇರಿ ಅಂದರೆ ಹುರಿದು ಕರಕಾಗಿಸಿದ ತಂಬಾಕಿನ ಪುಡಿ. ಇಲ್ಲಿಯ ಹೆಂಗಸರು ಅದರಲ್ಲಿ ಹಲ್ಲು ತಿಕ್ಕುತ್ತಾರೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ತಿಕ್ಕುತ್ತಾರೆ. ಡಾಕ್ಟರ್ ಹುಡುಗಿ ಮೊದಲ ಸಲ ಬಂದಾಗ ವೈನಿಯನ್ನೂ ಮಾತಾಡಿಸಿದ್ದಳು, ಮನೆಯಲ್ಲಿ ಯಾರಿಗಾದರೂ ಏನಾದರೂ ಚಟ ಇದೆಯೇ ಅಂತ. ವೈನಿ ಕರಿ ಬೆರಳನ್ನು ಬಾಯಿಂದ ಹೊರಗೆ ತೆಗೆದು, ಉಗುಳಿ ಬಂದು, ಸೆರಗಿನಲ್ಲಿ ತುಟಿ ಒರೆಸಿಕೊಂಡು ಹೇಳಿದಳು:

'ನಮ್ಮ ಮನ್ಯಾಗ ವ್ಯಸನ ಅನ್ನೂದ ಇಲ್ಲ ಬಾಳಾ. ಮಾಳ ಹಾಕ್ಕೊಂಡ ಮಂದಿ ನಾವು. ಉಳ್ಳಾಗಡ್ಡೀನೂ ಮುಟ್ಟೂದಿಲ್ಲ.'

ಇಡೀ ಊರೇ ತಂಬಾಕಿನ ಘಾಟಿನಲ್ಲಿ ಹುಟ್ಟಿ ಬೆಳೆದದ್ದು. ಇಲ್ಲಿ ಅದನ್ನು ಚಟ ಎಂದು ಎಣಿಸಿದರೆ ಗಾಳಿಯನ್ನೂ ಎಣಿಸಬೇಕಾಗುತ್ತದೆ.

ವೈನಿಯ ಆಸೆ ಒಂದೇ, ಪಂಢರಪುರದ ವಾರಿ. ಆಷಾಢದ ಏಕಾದಶಿಗೆ ಮುಟ್ಟುವ ಹಾಗೆ ನಮ್ಮ ಕಡೆಯಿಂದ ದಿಂಡಿ ಹೊರಡುತ್ತದೆ. ತಾಳ, ಮೃದಂಗ, ಪತಾಕೆ ಹಿಡಿದ ಗುಂಪು, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು, ಎಲ್ಲ ನಡೆದೇ ಹೋಗುವುದು. ವೈನಿ ಮದುವೆಯಾಗಿ ಬಂದ ವರ್ಷದಿಂದ ತುಳಸಿ ಹೊತ್ತವಳು. ಹೋದ ವರ್ಷ ಮೊಣಕಾಲು ಕೈಕೊಟ್ಟಿತು, ಹೋಗಲಿಲ್ಲ. ದಿಂಡಿ ಓಣಿಯಲ್ಲಿ ಹಾದುಹೋಗುವಾಗ ಅವಳು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳು. ನಾನು ಗೋಡೆ ಬಡಿದೆ, ಆ ಕಡೆಯಿಂದ ಉತ್ತರ ಬರಲಿಲ್ಲ. ಮುಂದಿನ ವರ್ಷ ನಡೆಯದಿದ್ದರೆ ಬದುಕಿ ಏನು ಪ್ರಯೋಜನ ಅಂತ ಆಮೇಲೆ ಎಷ್ಟೋ ಸಲ ಅಂದಳು. ಸುಮ್ಮನೆ ಅನ್ನುವ ಹೆಂಗಸಲ್ಲ ಅವಳು.

ದೀಪಾವಳಿ ಕಳೆದ ಮೇಲೆ ಒಂದು ದಿನ ನೋಡುತ್ತೇನೆ, ವೈನಿ ನನ್ನ ಮಹಡಿಯ ಮೆಟ್ಟಿಲನ್ನು ಸರಸರ ಹತ್ತಿ ಬಂದು, ಸಕ್ಕರೆ ಡಬ್ಬಿ ಮುಂದಿಟ್ಟು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಮುಖ ದುಂಡಗೆ ತುಂಬಿಕೊಂಡಿತ್ತು. ಎಲ್ಲಿ ತೋರಿಸಿದಿರಿ, ಏನು ಔಷಧ ಎಂದು ಕೇಳಿದೆ. ಅವಳು ತುಟಿಯ ಮೇಲೆ ಬೆರಳಿಟ್ಟಳು.

'ಹೆಸರ ಹೇಳಿದ್ರ ಗುಣ ಹೋಗತೈತ್ರಿ ಅಕ್ಕೋರ.'

ಇದು ನಮ್ಮ ಕಡೆಯ ಹಳೆಯ ಕಟ್ಟಳೆ. ಗಿಡಮೂಲಿಕೆ ಕೊಡುವವನು ಔಷಧದ ಹೆಸರು ಹೇಳುವುದಿಲ್ಲ. ತೆಗೆದುಕೊಂಡವರು ಔಷಧ, ಊರು, ಕೊಟ್ಟವನು, ಯಾವುದನ್ನೂ ಬಾಯಿಂದ ಆಡಬಾರದು. ಆಡಿದರೆ ಅದರ ಶಕ್ತಿ ಅಲ್ಲಿಗೇ ಮುಗಿಯಿತು. ಹಾಗಾದರೆ ಬೇರೆಯವರಿಗೆ ಗೊತ್ತಾಗುವುದು ಹೇಗೆ ಅಂತ ಕೇಳಿದೆ. ಬೇಕಾದವರನ್ನು ಅಮಾಸಿಯ ದಿನ ಕೈಹಿಡಿದು ಬಸ್ಸು ಹತ್ತಿಸಿ ಕರೆದುಕೊಂಡು ಹೋಗುತ್ತೇವೆ, ಮಾತಾಡುವ ಪ್ರಸಂಗವೇ ಬರುವುದಿಲ್ಲ ಎಂದಳು. ಇಷ್ಟು ಅಚ್ಚುಕಟ್ಟಾದ ಗುಟ್ಟಿನ ಬಜಾರು ನನ್ನ ಮೂಗಿನ ಕೆಳಗೇ ನಡೆಯುತ್ತಿದ್ದಾಗ ನಾನು ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ಕರ್ಚೀಫು ಕಾಯುತ್ತಿದ್ದೆ.

ವೈನಿ ಪ್ರೀತಿಯಿಂದ ನನಗೂ ಒಂದು ಪುಡಿ ಕೊಟ್ಟಳು. ಬೂದಿಬಣ್ಣದ್ದು, ಕಾಗದದಲ್ಲಿ ಮಡಚಿದ್ದು, ಕಹಿ. ಆ ದಿನ ನಾನು ಮನೆಯ ಪರದೆಗಳನ್ನೆಲ್ಲ ಒಗೆದೆ. ಅಟ್ಟದ ಟ್ರಂಕನ್ನು ಒಬ್ಬಳೇ ಇಳಿಸಿದೆ. ಸ್ಕೂಲಿನ ಪ್ರೇಯರನ್ನು ಆಲ್ಟೋ ಭಾಗವೂ ಸೇರಿ ಹಾಡಿದೆ. ಜಗತ್ತಿನ ಬಗ್ಗೆ ನನಗೆ ಯಾವ ದೂರೂ ಉಳಿದಿರಲಿಲ್ಲ. ಮರುದಿನ ಹೊಟ್ಟೆ ಕಲ್ಲಾಗಿ, ದೂರುಗಳೆಲ್ಲ ಒಟ್ಟಿಗೆ ವಾಪಸು ಬಂದವು. ಇನ್ನೊಂದು ಪುಡಿ ತಿನ್ನುವ ಮನಸ್ಸಿತ್ತು, ಆದರೆ ಪಥ್ಯದಲ್ಲಿ ಕಾಫಿ ಬಿಡಬೇಕು ಅಂದಳು. ಕಾನ್ವೆಂಟಿನಲ್ಲಿ ಕಲಿತ ಚಟಗಳಲ್ಲಿ ನನಗೆ ಉಳಿದದ್ದು ಅದೊಂದೇ. ಕಾಫಿ ಬಿಡಲಿಲ್ಲ, ಪುಡಿ ಬಿಟ್ಟೆ.

ಚಳಿಗಾಲ ಕಳೆಯುವಷ್ಟರಲ್ಲಿ ನಮ್ಮ ಓಣಿಯ ಗುರುವಾರದ ಭಜನೆಗೆ ಬರುವ ಹೆಂಗಸರಲ್ಲಿ ಅರ್ಧದಷ್ಟು ಮಂದಿಯ ಮೊಣಕಾಲು ಸರಿಹೋಗಿತ್ತು. ಎಲ್ಲರೂ ನೆಲದ ಮೇಲೆ ಕೂರುತ್ತಿದ್ದರು, ಪ್ಲಾಸ್ಟಿಕ್ ಕುರ್ಚಿಗಳು ಗೋಡೆಗೆ ಸಾಲಾಗಿ ಖಾಲಿ ನಿಂತಿರುತ್ತಿದ್ದವು. ಅಮಾಸಿಯ ದಿನ ಬಸ್ಸಿನಲ್ಲಿ ಅಥಣಿ ಕಡೆಯ, ರಾಯಬಾಗ ಕಡೆಯ ಮುದುಕಿಯರೂ ಸಿಗುತ್ತಾರಂತೆ, ಎಲ್ಲರೂ ಒಬ್ಬರಿಗೊಬ್ಬರು ನೋಡಿ ನಗುತ್ತಾರಂತೆ, ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲವಂತೆ. ಇದನ್ನು ವೈನಿಯೇ ಹೇಳಿದ್ದು. ನಾನು ಹುಡುಗಿಗೆ ಹೇಳಲಿಲ್ಲ. ಮುಚ್ಚಿಡಲು ಅಲ್ಲ, ಹೇಳುವಂಥದ್ದು ಅನ್ನಿಸಲೇ ಇಲ್ಲ. ಅವಳು ಕೇಳುತ್ತಿದ್ದದ್ದು ಹರೆಯದವರ ಬಗ್ಗೆ. ನಶೆ ಅಂದರೆ ನನ್ನ ಕಣ್ಣಿಗೂ ಕಟ್ಟುತ್ತಿದ್ದದ್ದು ಹರಿದ ಜೀನ್ಸು, ಬಣ್ಣ ಹಚ್ಚಿದ ಕೂದಲು.

ವೈಶಾಖದ ಅಮಾಸಿ ಬಂತು. ವೈನಿ ಮತ್ತು ಭಜನೆಯ ಗೆಳತಿಯರು ಬಸ್ಸು ಹತ್ತಿ ಹೋದವರು ಮಧ್ಯಾಹ್ನಕ್ಕೇ ಬರಿಗೈಯಲ್ಲಿ ಮರಳಿದರು. ಔಷಧ ಕೊಡುವವನ ದೊಡ್ಡಪ್ಪ ತೀರಿಹೋಗಿದ್ದ. ಸೂತಕದಲ್ಲಿ ಔಷಧ ಮುಟ್ಟಬಾರದು, ಅಮಾಸಿ ಬಿಟ್ಟು ಬೇರೆ ದಿನ ಕೊಡಬಾರದು. ಇನ್ನು ಮುಂದಿನ ಅಮಾಸಿಗೇ ಬರ್ರಿ ಎಂದು ಯಾರೋ ಬೇಲಿಯ ಆಚೆಯಿಂದಲೇ ಹೇಳಿ ಕಳಿಸಿದರು.

ಅದಾದ ಮೇಲಿನ ಗುರುವಾರ ಭಜನೆ ವೈನಿಯ ಮನೆಯಲ್ಲಿ. ನಾನು ಭಕ್ತಳಲ್ಲ, ಆದರೆ ಹಾರ್ಮೋನಿಯಂ ಬಾರಿಸಲು ನನ್ನನ್ನು ಕರೆಯುತ್ತಾರೆ. ಕಾನ್ವೆಂಟಿನ ಪಿಯಾನೋ ಕೊನೆಗೂ ವಿಠ್ಠಲನ ಸೇವೆಗೆ ಬಂತು. ಅವತ್ತು ತಾಳ ಒಂದು ಕಡೆ, ಹಾಡು ಒಂದು ಕಡೆ. ಮುಂದೆ ಕೂತ ಹೆಂಗಸು ಆಕಳಿಸಿದಳು. ಅವಳ ಪಕ್ಕದವಳು ಆಕಳಿಸಿದಳು. ಆಕಳಿಕೆ ಅಂಟುಜಾಡ್ಯ, ಇರಲಿ ಅಂದುಕೊಂಡೆ. ಆದರೆ ಎಲ್ಲರ ಮೂಗೂ ಸೋರುತ್ತಿತ್ತು, ಕಣ್ಣಲ್ಲಿ ನೀರು. ಆ ಉರಿ ಬಿಸಿಲಿನಲ್ಲಿ ಒಬ್ಬಳು ಶಾಲು ಹೊದ್ದುಕೊಂಡು ಮುಳ್ಳೆದ್ದ ತೋಳನ್ನು ಉಜ್ಜಿಕೊಳ್ಳುತ್ತಿದ್ದಳು. ಒಬ್ಬೊಬ್ಬರಾಗಿ ಹಿತ್ತಲಿಗೆ ಎದ್ದು ಹೋಗತೊಡಗಿದರು. ಆರತಿಯ ಹೊತ್ತಿಗೆ ದೇವರ ಮುಂದಿದ್ದವರಿಗಿಂತ ಸಂಡಾಸಿನ ಮುಂದೆ ನಿಂತವರೇ ಹೆಚ್ಚು. ಪಾಳಿಗಾಗಿ ಜಗಳವೂ ಆಯಿತು. 'ನಿನ್ನ ಹೊಟ್ಟಿ ಮುಗಿಯೂದ್ರಾಗ ಕಾರ್ತೀಕ ಬರತೈತಿ ಬೇ' ಎಂದು ಒಬ್ಬಳು ಬಾಗಿಲು ಬಡಿಯುತ್ತಿದ್ದಳು. ವೈನಿಯ ಮೊಮ್ಮಗಳು ಶಿರಾ ಕೆಟ್ಟಿದೆ ಅಂದಳು. ಶಿರಾ ನಾನೂ ತಿಂದಿದ್ದೆ. ನನಗೇನೂ ಆಗಿರಲಿಲ್ಲ.

ಹಾರ್ಮೋನಿಯಂ ಮೇಲೆ ನನ್ನ ಕೈ ನಿಂತಿತು. ಹುಡುಗಿ ಹೇಳಿಕೊಟ್ಟ ಪಾಠ ಇದೇ ಅಲ್ಲವೇ. ಮಾಲು ಬರುವುದು ತಟ್ಟನೆ ನಿಂತರೆ ಹೇಗೆ ಗುರುತು ಹಿಡಿಯುವುದು: ಆಕಳಿಕೆ, ನೆಗಡಿ, ಕಣ್ಣೀರು, ಮೈ ಮುಳ್ಳು, ಭೇದಿ, ನಿದ್ದೆಯಿಲ್ಲ, ಸಿಟ್ಟು. ಇಷ್ಟು ದಿನ ಜಿಮ್ಮಿನ ಬಾಗಿಲಲ್ಲಿ, ಪಾನ್ ಅಂಗಡಿಯ ಹಿಂದೆ ಹುಡುಕಿದ್ದು ಇಲ್ಲಿ ಒಂಬತ್ತು ಗಜದ ಸೀರೆ ಉಟ್ಟು ತಾಳ ಹಿಡಿದು ಕೂತಿತ್ತು. ನಗು ಬರಬೇಕಾಗಿತ್ತು. ವೈನಿಯ ಕಡೆ ನೋಡಿದೆ, ಬರಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಹಿಂದೆ ಉಳಿದೆ. ಅವಳು ಗೋಡೆಗೆ ಆತುಕೊಂಡು, ಕಾಲನ್ನು ಒಂದು ಕಡೆ ಇಡಲಾರದೆ, ಒಂದರ ಮೇಲೊಂದು ತಿಕ್ಕುತ್ತಿದ್ದಳು.

'ವೈನಿ, ಪುಡಿ ತೀರೇತೇನ್ರಿ?'

'ಯಾವ ಪುಡಿ?'

'ಹೆಸರ ಹೇಳಬಾರದ್ದು.'

'ಖಬರಿ ಬಂದ್ರು ಅನ್ರಿ' ಎಂದಳು. ಯಾವಾಗಲೂ ನಗುತ್ತ ಅನ್ನುವ ಮಾತು, ಇವತ್ತು ನಗಲಿಲ್ಲ.

ನನಗೆ ಅನ್ನಿಸಿದ್ದನ್ನು ಹೇಳಿದೆ. ಅದು ಬರಿಯ ಗಿಡಮೂಲಿಕೆ ಅಲ್ಲ, ಅಫೀಮಿನ ಬಳಗದ ಯಾವುದೋ ಗುಳಿಗೆ ಕುಟ್ಟಿ ಬೆರೆಸಿರಬೇಕು, ಅದು ಸಿಗದೆ ಮೈ ಹೀಗೆ ಒದ್ದಾಡುತ್ತಿದೆ ಎಂದೆ. ವೈನಿ ಕೊರಳ ಮಾಳವನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು.

'ನನ್ನ ಗಾಂಜೇಕೋರರ ಸಾಲಿನ್ಯಾಗ ಕೂಡಸ್ತೀರೇನ್ರಿ ಅಕ್ಕೋರ? ಇದನ್ನ ಹಾಕ್ಕೊಂಡಾಕಿನ್ನ?'

ನಾನು ಹಾರ್ಮೋನಿಯಂ ಮುಚ್ಚಿಟ್ಟೆ. ಅವಳೇ ದೇವರ ಗೂಡಿನ ಕಡೆ ನೋಡುತ್ತ, ಇನ್ನೂ ಒಂದು ಪುಡಿ ಇದೆ ಅಂದಳು. ದಿಂಡಿ ಹೊರಡುವ ದಿನಕ್ಕೆಂದು ಎತ್ತಿಟ್ಟದ್ದು. ಅದು ವಿಠ್ಠಲನ ಪಾಲು, ಜೀವ ಹೋದರೂ ಮುಟ್ಟುವುದಿಲ್ಲ. ಈ ಮೈ ಇಷ್ಟು ಸಂಕಟಪಡುತ್ತಿತ್ತು, ಸಂಕಟ ಇಳಿಸುವ ವಸ್ತು ಕೈಗೆಟಕುವಷ್ಟು ಹತ್ತಿರದಲ್ಲಿ ದೀಪದ ಹಿಂದೆ ಇತ್ತು, ಅವಳು ಕೈ ಚಾಚಿರಲಿಲ್ಲ. ಗಾಂಜೇಕೋರರ ಸಾಲು ಅಂದಳಲ್ಲ. ಆ ಸಾಲಿನಲ್ಲಿ ಇಂಥ ಹಟದವರು ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ನಾವು ಅವರನ್ನು ಅಷ್ಟು ಹತ್ತಿರದಿಂದ ಯಾವಾಗ ನೋಡಿದ್ದೇವೆ.

ನಾನು ಧರ್ಮ ಬಿಟ್ಟು ದಾರಿಯ ಮಾತು ತೆಗೆದೆ.

'ಒಂದ ಪುಡೀಲೆ ಎಲ್ಲೀತನಕ ನಡೀತೀರಿ ವೈನಿ? ಚಿಕ್ಕೋಡಿ ದಾಟೂದ್ರಾಗ ಇಳಿತೈತಿ. ಮುಂದ ದಾರ್ಯಾಗ, ಗಂಡಸರ ನಡುವ, ಇವತ್ತಿನಂಗ ಆತಂದ್ರ ಎಲ್ಲಿ ಹೋಗ್ತೀರಿ?'

ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ನಾನು ಬಾಗಿಲು ಎಳೆದುಕೊಂಡು ಬಂದೆ.

ಮರುದಿನ ಬೆಳಿಗ್ಗೆ ಗೋಡೆ ಬಡಿದೆ, ಚಹಾ ಆಗಿದೆ ಎಂದು. ಬರುತ್ತಾಳೆಂಬ ನಂಬಿಕೆ ಇರಲಿಲ್ಲ. ಬಂದಳು, ಒಂದೊಂದೇ ಮೆಟ್ಟಿಲಿಗೆ ನಿಂತು, ಏದುಸಿರು ಬಿಡುತ್ತ. ಕೂತಳು. ಚಹಾ ಬಸಿಯಲ್ಲಿ ಹಾಕಿಕೊಂಡು ಸೊರ್ರನೆ ಕುಡಿದಳು. ಖಾಲಿ ಬಸಿ ಕೆಳಗಿಟ್ಟು, ಸೆರಗಿನ ಗಂಟಿನಿಂದ ಮಡಚಿದ ಕಾಗದ ತೆಗೆದು ಅದರಲ್ಲಿ ಇಟ್ಟು, ಮೇಲೆ ಕಪ್ಪು ಬೋರಲು ಹಾಕಿದಳು.

'ನಾ ಏನೂ ಹೇಳಿಲ್ಲ' ಎಂದಳು.

'ಇಲ್ಲ' ಎಂದೆ. 'ನೀವೇನೂ ಹೇಳಿಲ್ಲ.'

ನಾನು ಫೋನ್ ಮಾಡಿದ ದಿನವೇ ಹುಡುಗಿ ಬಂದು ಪುಡಿ ಒಯ್ದಳು. ಪರೀಕ್ಷೆ ಮಾಡಿದ್ದರಲ್ಲಿ ಅನುಮಾನ ನಿಜವಾಯಿತು. ಅಫೀಮಿನ ಜಾತಿಯ ನೋವಿನ ಗುಳಿಗೆ, ಅದರ ಜೊತೆ ಸ್ಟೆರಾಯ್ಡ್, ಮೇಲೆ ಬಣ್ಣಕ್ಕೆ ಒಂದಿಷ್ಟು ಯಾವುದೋ ಬೇರಿನ ಪುಡಿ. ವೈನಿಯ ಮುಖ ತುಂಬಿಕೊಂಡದ್ದು ಆರೋಗ್ಯವಲ್ಲ, ಸ್ಟೆರಾಯ್ಡು. ಎರಡನ್ನೂ ಒಮ್ಮೆಲೇ ಬಿಡುವುದು ಅಪಾಯ, ಡಾಕ್ಟರರ ಕಣ್ಣೆದುರೇ ಮೆಲ್ಲಮೆಲ್ಲಗೆ ಇಳಿಸಬೇಕು ಎಂದು ಹುಡುಗಿ ಗಾಬರಿಯಾದಳು. ಆಮೇಲಿನ ದಿನಗಳಲ್ಲಿ ಅವಳು ಓಡಾಡಿದ್ದನ್ನು ನೋಡಬೇಕಿತ್ತು. ಬರಿ ಮೋಡ ನೋಡುವವಳು ಕೊಡೆಯನ್ನೂ ಹಿಡಿದು ನಿಂತಳು. ಗುರುವಾರದ ಭಜನೆಯವರು ಅಷ್ಟೂ ಮಂದಿ ದವಾಖಾನೆಯ ಬೆಂಚಿನಲ್ಲಿ ಸಾಲಾಗಿ ಕೂತರು. ಪಾಳಿಗಾಗಿ ಅಲ್ಲಿಯೂ ಜಗಳವಾಡಿದರು. ಪುಡಿ ಕೊಡುತ್ತಿದ್ದವನ ಮನೆಗೆ ಅಧಿಕಾರಿಗಳು ಹೋದಾಗ ಬಾಗಿಲಿಗೆ ಬೀಗ ಇತ್ತು. ಬೇರೆಲ್ಲೋ ಅಂಗಡಿ ತೆರೆದಿರಬಹುದು. ಅದು ಮುಂದಿನ ಸಲದ ಪ್ರಶ್ನೆ.

ವೈನಿಗೆ ನಡುಗು, ಭೇದಿ, ನಿದ್ದೆಗೇಡು ಇಳಿದವು. ಮೊಣಕಾಲು ನೋವು ಮಾತ್ರ ಬಡ್ಡಿ ಸಮೇತ ಮರಳಿತು. ಡಾಕ್ಟರರು ಬೆಲ್ಟು ಕೊಟ್ಟರು, ವ್ಯಾಯಾಮ ಹೇಳಿದರು, ಈ ವರ್ಷ ನಡೆಯುವ ಮಾತೇ ಇಲ್ಲ ಅಂದರು. ಅವಳು ನನ್ನ ಜೊತೆ ಮಾತು ಬಿಟ್ಟಳು. ಪುಂಡಿಪಲ್ಲೆ ಕಳಿಸುವುದನ್ನು ಬಿಡಲಿಲ್ಲ. ಮೊಮ್ಮಗಳ ಕೈಯಲ್ಲಿ ಬರುತ್ತಿತ್ತು, ಖಾರ ಮಾತ್ರ ಎಂದಿಗಿಂತ ಜಾಸ್ತಿ. ನಾನು ಕಣ್ಣೀರು ಹಾಕಿಕೊಂಡು ತಿಂದೆ.

ದಿಂಡಿ ಹೊರಡುವ ಹಿಂದಿನ ದಿನ ಗೋಡೆ ಬಡಿದ ಸದ್ದಾಯಿತು. ಸುದ್ದಿ ಇತ್ತು. ದಿಂಡಿಯ ಹಿಂದೆ ಪಾತ್ರೆ, ಗ್ಯಾಸು, ಹಾಸಿಗೆ ಗಂಟು ಹೊತ್ತು ಒಂದು ಟೆಂಪೋ ಹೋಗುತ್ತದೆ. ವೈನಿ ಅದರಲ್ಲಿ ಹೋಗುತ್ತಾಳೆ. ತುಳಸಿ ಹೊರದಿದ್ದರೆ ಏನಾಯಿತು, ಝುಣಕ ಮಾಡಿ ಹಾಕುತ್ತಾಳೆ.

'ಕಾಗವಾಡದ ತನಕ ನೀವೂ ಬರ್ರಿ. ಒಬ್ಬಾಕಿನ ಪಾತೆಲಿ ನಡುವ ಕುಂತ್ರ ಮಂದಿ ನನ್ನೂ ಒಂದು ಪಾತೆಲಿ ಅಂತ ತಿಳಕೋತಾರ.'

ಹೋದೆ. ಬದುಕಿನಲ್ಲಿ ಮೊದಲ ಸಲ ಟೆಂಪೋದ ಹಿಂದೆ, ಹಿಟ್ಟಿನ ಚೀಲದ ಮೇಲೆ, ಕೊಡೆ ಹಿಡಿದು ಕೂತೆ. ಮುಂದೆ ದಿಂಡಿ ನಡೆಯುತ್ತಿತ್ತು, ಮೋಡದ ನೆರಳಿನಲ್ಲಿ ಪತಾಕೆಗಳು. ವೈನಿಯ ತುಳಸಿ ಕಟ್ಟೆ ಈ ಸಲ ಬೇರೆಯವಳ ತಲೆಯ ಮೇಲೆ ಇತ್ತು. ಅದು ವಾಲಿದಾಗಲೆಲ್ಲ ವೈನಿಯ ಕೈ ತಾನಾಗಿಯೇ ಮೇಲೇಳುತ್ತಿತ್ತು. ಚಿಕ್ಕೋಡಿಯಲ್ಲಿ ಕಬ್ಬೂರ ಕಡೆಯ ಹೆಂಗಸರು ಬಂದು ಕೂಡಿಕೊಂಡರು. ಅವರಲ್ಲೊಬ್ಬಳು ನಮ್ಮದೇ ವಯಸ್ಸಿನವಳು, ಹರೆಯದವರನ್ನೂ ಹಿಂದೆ ಹಾಕಿ ಬೀಸಿ ಬೀಸಿ ನಡೆಯುತ್ತಿದ್ದಳು. ಮುಖ ದುಂಡಗೆ ತುಂಬಿಕೊಂಡಿತ್ತು. ವೈನಿ ಟೆಂಪೋದಿಂದ ಅವಳನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ.

ಶೇಡಬಾಳದ ವಸತಿಯ ಮರುದಿನ ಆ ಹೆಂಗಸು ಆಕಳಿಸುತ್ತ ನಡೆಯುತ್ತಿದ್ದಳು. ಎಲ್ಲರಿಗಿಂತ ಮುಂದಿದ್ದವಳು ಸಾಲಿನ ಕೊನೆಗೆ ಬಂದಿದ್ದಳು, ಮೂಗು ಒರೆಸಿಕೊಳ್ಳುತ್ತ, ಸೆರಗು ಬಿಗಿಯಾಗಿ ಹೊದ್ದು. ಕಾಗವಾಡ ಇನ್ನೂ ಸ್ವಲ್ಪ ದೂರ ಇರುವಾಗ ವೈನಿ ಡ್ರೈವರನಿಗೆ ಕೂಗಿ ಟೆಂಪೋ ನಿಲ್ಲಿಸಿದಳು. ಇಳಿಯಬೇಡಿ ಅಂದೆ. ಇಳಿದಳು. ನನ್ನ ಹೆಗಲ ಮೇಲೆ ಕೈಯೂರಿ, ಮೊಣಕಾಲಿಗೆ ಬೈಯುತ್ತ, ದಿಂಡಿಯ ಬಾಲದವರೆಗೆ ನಡೆದಳು. ಅಷ್ಟೇ ಅವಳ ಈ ವರ್ಷದ ವಾರಿ. ರಸ್ತೆ ಬದಿಯ ಬೇವಿನ ಮರದ ಕೆಳಗೆ ಆ ಹೆಂಗಸನ್ನು ಕೈಹಿಡಿದು ಕೂರಿಸಿ, ತಾನೂ ಕೂತು, ಪುಡಿ ತೀರಿತೇ ಎಂದು ಕೇಳಿದಳು. ಹೆಂಗಸು ತುಟಿಯ ಮೇಲೆ ಬೆರಳಿಟ್ಟಳು.

ವೈನಿ ಆ ಬೆರಳನ್ನು ಹಿಡಿದು ಕೆಳಗಿಳಿಸಿದಳು. ಆಮೇಲೆ, ಭಜನೆಯಲ್ಲಿ ಹೇಳಿಕೊಡುವ ದೊಡ್ಡ ದನಿಯಲ್ಲಿ, ಕೊಟ್ಟವನ ಹೆಸರು ಹೇಳಿದಳು. ಅವನ ಊರು ಹೇಳಿದಳು. ಡಾಕ್ಟರ್ ಹುಡುಗಿಯ ಬಾಯಿಂದ ಕೇಳಿ ಕಲಿತ ಗುಳಿಗೆಯ ಇಂಗ್ಲಿಷ್ ಹೆಸರನ್ನು ಒಂದಕ್ಷರ ತಪ್ಪದೆ ಹೇಳಿದಳು. ಸುತ್ತ ನಿಂತ ಹೆಂಗಸರ ತಾಳ ನಿಂತಿತು.

'ಹೆಸರ ಹೇಳಿದ್ರ ಗುಣ ಹೋಗತೈತಿ ಅಂತಾರಲ್ಲ' ಎಂದಳು. 'ಹೋಗಲಿ ಅಂತನ ಹೇಳಾಕತ್ತೀನಿ. ಒಮ್ಮಿಗೇ ಬಿಡಬ್ಯಾಡ, ಡಾಕ್ಟರ ಹೇಳಿದಂಗ ಬಿಡು. ಈ ಅಕ್ಕೋರ ಕಡೆ ಫೋನ್ ನಂಬರ್ ಐತಿ.'

ಆ ಹೆಂಗಸು ಆಕಾಶ ಬೀಳುತ್ತದೇನೋ ಎಂಬಂತೆ ಮೇಲೆ ನೋಡಿದಳು. ಬೀಳಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು, ಹಾಗಾದರೆ ನಿಮಗೆ ಈಗ ಕಾಲು ನೋಯುವುದಿಲ್ಲವೇ ಅಂತ.

'ನೋಯತೈತಿ ಬೇ' ಎಂದಳು ವೈನಿ. 'ಭಾಳ ನೋಯತೈತಿ. ಬಾ, ಟೆಂಪೋದಾಗ ಜಾಗಾ ಐತಿ.'

ಜಾಗ ಇರಲಿಲ್ಲ, ನನ್ನದಿತ್ತು. ಟೆಂಪೋದಿಂದ ನನ್ನ ಕೊಡೆ ತೆಗೆದುಕೊಂಡೆ. ಡಾಕ್ಟರ್ ಹುಡುಗಿಗೆ ಹಚ್ಚಿದ ಫೋನನ್ನು ಆ ಹೆಂಗಸಿನ ಕೈಗೆ ಕೊಟ್ಟೆ. ಅವಳ ಮಾತು ಮುಗಿದ ಮೇಲೆ ಇಬ್ಬರನ್ನೂ ಹಿಟ್ಟಿನ ಚೀಲದ ಮೇಲೆ ಹತ್ತಿಸಿ, ಕಾಗವಾಡದ ಬಸ್ ಸ್ಟ್ಯಾಂಡಿಗೆ ನಡೆದೆ.